ಎಲ್ಲ ನೀರಿನಲ್ಲೂ ಇದ್ದ ಪ್ರಾಣಿ

ಭದ್ರಾವತಿಯ ಒಂದು ಕಾರ್ಖಾನೆಯ ಲ್ಯಾಬಿನಲ್ಲಿ ಇಪ್ಪತ್ತೆರಡು ವರ್ಷ ಉಕ್ಕು ನೋಡಿದವನು ನಾನು. ನೋಡುವುದೇ ಕೆಲಸ. ಉಕ್ಕಿನ ಒಂದು ತುಂಡನ್ನು ಎಮೆರಿ ಕಾಗದದ ಮೇಲೆ ಉಜ್ಜಿ, ಮಖಮಲ್ಲಿನ ಮೇಲೆ ತಿಕ್ಕಿ, ಮುಖ ಕಾಣುವಷ್ಟು ಹೊಳಪು ಬಂದ ಮೇಲೆ ಒಂದು ಹನಿ ಆಸಿಡ್ ಸವರಿ ಮೈಕ್ರೋಸ್ಕೋಪಿನ ಕೆಳಗಿಟ್ಟರೆ ಅದರೊಳಗಿನ ಕಾಳುಗಳು ಕಾಣುತ್ತವೆ. ಕಾಳು ಸಣ್ಣದೋ ದಪ್ಪವೋ, ನಡುವೆ ಬಿರುಕಿದೆಯೋ, ಕಸ ಸೇರಿದೆಯೋ ನೋಡಿ ವರದಿ ಬರೆಯಬೇಕು. ಅಪ್ಪ ಇದೇ ಕಾರ್ಖಾನೆಯ ಕುಲುಮೆಯ ಮುಂದೆ ಬೆವರು ಸುರಿಸಿದವರು. ಮಗ ಕುರ್ಚಿಯಲ್ಲಿ ಕೂತು, ಒಂದು ಕಣ್ಣು ಮುಚ್ಚಿ ಸಂಬಳ ತಗೊಳ್ತಾನೆ ಅನ್ನುವುದು ಅವರಿಗೆ ಕೊನೆಯವರೆಗೂ ನಂಬಲಾಗದ ಸಂಗತಿಯಾಗಿತ್ತು.

ನಮ್ಮ ಲ್ಯಾಬಿನಲ್ಲಿ ಒಂದು ಕಟ್ಟುಪಾಡಿತ್ತು. ಯಾವ ತುಂಡನ್ನೂ ಒಬ್ಬನೇ ನೋಡಿ ಸಹಿ ಹಾಕುವ ಹಾಗಿಲ್ಲ. ಮೊದಲು ನೋಡಿದವನು ಬಾಯಿ ಬಿಡದೆ ಕುರ್ಚಿಯಿಂದ ಏಳಬೇಕು. ಇನ್ನೊಬ್ಬ ಕೂತು ತನಗೆ ಕಂಡದ್ದನ್ನು ಬೇರೆ ಚೀಟಿಯಲ್ಲಿ ಬರೆಯಬೇಕು. ಎರಡು ಚೀಟಿ ತಾಳೆಯಾದರೆ ಮಾತ್ರ ವರದಿ ಹೊರಗೆ ಹೋಗುತ್ತಿತ್ತು. ಇದಕ್ಕೆ ನಾವು ಎರಡನೇ ಕಣ್ಣು ಅನ್ನುತ್ತಿದ್ದೆವು. ನನ್ನ ಎರಡನೇ ಕಣ್ಣು ತಮಿಳು ಮನೆಮಾತಿನ ಒಬ್ಬ ಗೆಳೆಯ. "ಏನು ಕಾಣ್ತು ಅಂತ ಮುಖದಲ್ಲೂ ತೋರಿಸ್ಬೇಡ ಮಾರಾಯ, ಆ ಕಡೆ ತಿರುಗಿ ನಿಂತ್ಕೋ" ಎಂದು ನನ್ನನ್ನು ಗೋಡೆಯ ಕಡೆ ನಿಲ್ಲಿಸಿಬಿಡುತ್ತಿದ್ದ. ಈ ಶಿಸ್ತಿನ ಬಗ್ಗೆ ಊಟಕ್ಕೆ ಕೂತಾಗ ಹೆಂಡತಿಯ ಮುಂದೆ ನಾನು ಜಂಬ ಕೊಚ್ಚಿಕೊಂಡಿದ್ದಕ್ಕೆ ಲೆಕ್ಕವಿಲ್ಲ. ಅವಳು ಸಾರು ಬಡಿಸುತ್ತ ಕೇಳಿಸಿಕೊಳ್ಳುತ್ತಿದ್ದಳು.

ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ಕಾರ್ಖಾನೆಯ ಕೆಲಸ ಇಳಿಮುಖವಾಯಿತು. ದಿನಕ್ಕೆ ಇಪ್ಪತ್ತು ತುಂಡು ಬರುತ್ತಿದ್ದ ಕಡೆ ವಾರಕ್ಕೆ ನಾಲ್ಕು ಬಂದರೆ ಹೆಚ್ಚು. ಮೈಕ್ರೋಸ್ಕೋಪು ಸುಮ್ಮನೆ ಕೂತಿತ್ತು, ಅದರ ಎದುರು ನಾನೂ ಸುಮ್ಮನೆ ಕೂತಿದ್ದೆ. ಒಂದು ಮಧ್ಯಾಹ್ನ ಬೇಸರ ತಡೆಯಲಾರದೆ ಹೊರಗಿನ ಸಿಮೆಂಟು ತೊಟ್ಟಿಯಿಂದ ಒಂದು ತೊಟ್ಟು ಹಸಿರು ನೀರು ತಂದು ಲೆನ್ಸಿನ ಕೆಳಗಿಟ್ಟೆ. ಕಣ್ಣು ಕೋರೈಸುವ ಬಿಳಿ ಹೊಳಪು, ಅಷ್ಟೇ. ಮಾರನೆಯ ದಿನವೂ ಅದೇ. ನಾನು ಯೋಚಿಸಿದೆ: ತಯಾರಿ ಸರಿಯಿಲ್ಲ. ಉಕ್ಕಿಗೆ ಮಾಡುವ ಹಾಗೆ ನೀರಿಗೂ ಒಂದು ಹನಿ ಆಸಿಡ್ ಬಿಟ್ಟೆ! ಅದರೊಳಗೆ ಯಾರು ಯಾರು ಸಂಸಾರ ಹೂಡಿದ್ದರೋ, ಎಲ್ಲರನ್ನೂ ಒಂದೇ ಏಟಿಗೆ ಮುಗಿಸಿದೆ.

ಉಕ್ಕಿನೊಳಗೆ ಬೆಳಕು ತೂರುವುದಿಲ್ಲ. ಹಾಗಾಗಿ ಲ್ಯಾಬಿನ ಮೈಕ್ರೋಸ್ಕೋಪು ಮೇಲಿನಿಂದ ಬೆಳಕು ಬಿಡುತ್ತದೆ. ಜೀವ ಇರುವುದನ್ನು ನೋಡಬೇಕಾದರೆ ಬೆಳಕು ಕೆಳಗಿನಿಂದ ಬಂದು ಅದರ ಮೈಯೊಳಗೇ ಹಾದು ಕಣ್ಣಿಗೆ ಮುಟ್ಟಬೇಕು. ಹೈಸ್ಕೂಲು ಹುಡುಗಿಯರಿಗೂ ಗೊತ್ತಿರುವ ಈ ವಿಷಯ ನನಗೆ ಗೊತ್ತಾಗಲು ಹದಿನೈದು ದಿನ ಹಿಡಿಯಿತು. ಆಮೇಲೆ ಶಿವಮೊಗ್ಗಕ್ಕೆ ಹೋಗಿ, ದುರ್ಗಿಗುಡಿಯ ಹತ್ತಿರ ಸೈನ್ಸ್ ಸಾಮಾನು ಮಾರುವ ಅಂಗಡಿಯಲ್ಲಿ ಕಾಲೇಜು ಮಕ್ಕಳ ಮೈಕ್ರೋಸ್ಕೋಪು ಕೇಳಿದೆ. ಅಂಗಡಿಯವರು ಒರೆಸಿ ಕೊಡುತ್ತ, "ಮಾಲು ಪಕ್ಕಾ ಸಾರ್. ಆದ್ರೆ ಮನೆಗೆ ಅಂತೀರಲ್ಲ, ಮನೇಲಿ ಯಾರಿಗೆ ಬೀಮಾರಿ?" ಎಂದು ಕಳಕಳಿಯಿಂದ ಕೇಳಿದರು. "ನಂಗೇ" ಅಂದೆ. ಆ ಮಾತು ನಿಜವಾಗುತ್ತದೆ ಎಂದು ಆಗ ಗೊತ್ತಿರಲಿಲ್ಲ.

ನ್ಯೂ ಟೌನಿನ ನಮ್ಮ ಕ್ವಾರ್ಟರ್ಸಿನ ನಡುಮನೆಯ ಕಿಟಕಿಗೆ ಮೇಜು ಎಳೆದು ಅದನ್ನು ಇಟ್ಟೆ. ಮೊದಲ ತೊಟ್ಟಿನಲ್ಲೇ ಏನೋ ಸರ್ರನೆ ಹಾದುಹೋಯಿತು. ಇಪ್ಪತ್ತೆರಡು ವರ್ಷದಲ್ಲಿ ನನ್ನ ಲೆನ್ಸಿನ ಕೆಳಗೆ ಏನೂ ಅಲ್ಲಾಡಿದ್ದಿಲ್ಲ. ಅಲ್ಲಾಡಿತು ಅಂದರೆ ಸ್ಕ್ರೂ ಸಡಿಲವಾಗಿದೆ ಎಂದೇ ಅರ್ಥ. ಬಿಗಿ ಮಾಡಿದೆ. ಮತ್ತೆ ಅಲ್ಲಾಡಿತು. ಮೇಜಿನ ಕಾಲಿನ ಕೆಳಗೆ ರಟ್ಟು ತುರುಕಿದೆ, ಫ್ಯಾನು ಆರಿಸಿದೆ, "ಆ ಮಿಕ್ಸಿ ನಿಲ್ಲಿಸೇ!" ಎಂದು ಅಡುಗೆಮನೆಗೆ ಕೂಗಿದೆ. ಮಿಕ್ಸಿ ನಿಂತಿತು. ಲೆನ್ಸಿನ ಕೆಳಗಿನ ಚಪ್ಪಲಿಯ ಆಕಾರದ ಜೀವಿ ಮಾತ್ರ ನಿಲ್ಲಲಿಲ್ಲ. ಪಾಚಿಯ ಎಳೆಗೆ ಮೂಗು ತಾಗಿಸಿತು, ಹಿಂದೆ ಸರಿಯಿತು, ಸ್ವಲ್ಪ ಓರೆಯಾಗಿ ಮತ್ತೆ ಹೊರಟಿತು. ಅಲ್ಲಾಡುತ್ತಿರುವುದು ಅದೇ ಎಂದು ಆಗ ತಿಳಿಯಿತು. ನಲವತ್ತೇಳು ವರ್ಷದ ಗಂಡಸು ಒಂಟಿ ಕಣ್ಣಲ್ಲಿ ಅಳುತ್ತಿದ್ದುದನ್ನು ನೋಡಿ ಹೆಂಡತಿ, "ಹಸಿಮೆಣಸಿನಕಾಯಿ ಮುಟ್ಟಿದ ಕೈಯೇನ್ರೀ?" ಅಂದಳು.

ಅಲ್ಲಿಂದ ಮೇಲೆ ನನಗೆ ಹುಚ್ಚು ಹಿಡಿಯಿತು. ಎಲ್ಲಿ ನೀರು ಕಂಡರೂ ಬಗ್ಗುವುದು, ಔಷಧಿಯ ಖಾಲಿ ಬಾಟಲಿಯಲ್ಲಿ ತುಂಬಿಕೊಳ್ಳುವುದು. ಭದ್ರಾ ಕಾಲುವೆಯ ನೀರು, ಗಾಜನೂರು ಅಣೆಕಟ್ಟಿನ ಕೆಳಗೆ ಬಂಡೆಯ ಮೇಲೆ ನಿಂತ ತುಂಗೆಯ ನೀರು, ಕುಂಸಿಯಿಂದ ಬರುವ ಗೆಳೆಯನೊಬ್ಬ ತಂದುಕೊಟ್ಟ ಕೆರೆ ನೀರು, ದೇವರ ಮುಂದಿನ ಹೂದಾನಿಯ ನೀರು. ಫ್ರಿಜ್ಜಿನ ಬಾಗಿಲಲ್ಲಿ ಸಾಲಾಗಿ ಕೂತ ಬಾಟಲಿಗಳನ್ನು ಹೆಂಡತಿ ಒಂದು ದಿನ ಎತ್ತಿ ವರಾಂಡದಲ್ಲಿಟ್ಟು, "ಇವಕ್ಕೆ ಇಲ್ಲೇ ತಂಪು" ಎಂದು ಹೇಳಿ ಬಾಗಿಲು ಹಾಕಿಕೊಂಡಳು. ಅವಳಿಗೆ ಮೈಕ್ರೋಸ್ಕೋಪು ಮುಟ್ಟಲು ನಾನು ಬಿಟ್ಟಿರಲಿಲ್ಲ. ಎರಡು ಸಲ ಕೇಳಿದಳು. ಲೆನ್ಸು ಗಾಜಿಗೆ ತಾಗಿದರೆ ಒಡೆಯುತ್ತೆ, ನಿನಗೆ ಫೋಕಸ್ ಗೊತ್ತಾಗಲ್ಲ ಎಂದೆ. ಪ್ರೈಮರಿ ಶಾಲೆಯಲ್ಲಿ ಅರವತ್ತು ಮಕ್ಕಳನ್ನು ಹಿಡಿತದಲ್ಲಿಡುವ ಹೆಂಗಸಿಗೆ ಎರಡು ಸ್ಕ್ರೂ ಹಿಡಿಯಲು ಬರುವುದಿಲ್ಲ ಎಂದು ನಾನು ಹೇಳಿದ್ದು! ಮೂರನೆಯ ಸಲ ಅವಳು ಕೇಳಲಿಲ್ಲ.

ನಾನು ಹೇಳಹೊರಟ ಪ್ರಾಣಿ ಮೊದಲು ಕಂಡದ್ದು ಮೇ ತಿಂಗಳ ಕೊನೆಗೆ, ಕಾಲುವೆಯ ನೀರಿನಲ್ಲಿ. ಪಾರದರ್ಶಕ ಮಣಿಗಳ ಒಂದು ಸರ, ಒಂದು ತುದಿಯಲ್ಲಿ ಗಂಟು. ಬಹಳ ನಾಚಿಕೆಯ ಜೀವ. ನೇರ ನೋಡಲು ಹೋದರೆ ಪಕ್ಕಕ್ಕೆ ಜಾರುತ್ತದೆ, ಬೆನ್ನಟ್ಟಿದರೆ ಅಂಚಿಗೆ ಓಡುತ್ತದೆ, ನಾವು ಅಲ್ಲಾಡದೆ ಕೂತರೆ ನಿಧಾನವಾಗಿ ಕೆಳಗಿಳಿಯುತ್ತದೆ. ಅಂಗಡಿಯಲ್ಲಿ ಕೊಂಡ ಜೀವಶಾಸ್ತ್ರದ ಪುಸ್ತಕದಲ್ಲಿ ಹುಡುಕಿದೆ, ಇರಲಿಲ್ಲ. ಎರಡು ದಿನ ಬಿಟ್ಟು ಗಾಜನೂರಿನ ನೀರಿನಲ್ಲೂ ಅದು ಸಿಕ್ಕಿತು. ಕುಂಸಿಯ ನೀರಿನಲ್ಲಿ ಸಿಕ್ಕಿತು. ಹೂದಾನಿಯಲ್ಲಿ ಸಿಕ್ಕಿತು. ಕೊನೆಗೆ ಕುದಿಸಿ ಆರಿಸಿದ ನೀರಿನಲ್ಲೂ ಸಿಕ್ಕಿತು. ಕುದಿಸಿದರೂ ಸಾಯದ ಪ್ರಾಣಿಯನ್ನು ಭದ್ರಾವತಿಯ ಒಬ್ಬ ಐಟಿಐ ಓದಿದವನು ಕಂಡುಹಿಡಿದಿದ್ದಾನೆ!

ನಾನು ಪರೀಕ್ಷೆ ಮಾಡದೆ ನಂಬಿದವನಲ್ಲ. ಲ್ಯಾಬಿನಲ್ಲಿ ನಮಗೆ ಕಲಿಸಿದ್ದು ಹೀಗೆ: ಏನಾದರೂ ಅನುಮಾನದ ಚುಕ್ಕೆ ಕಂಡರೆ ಕಣ್ಣಿಡುವ ಲೆನ್ಸನ್ನು ತಿರುಗಿಸು. ಚುಕ್ಕೆಯೂ ಜೊತೆಗೆ ತಿರುಗಿದರೆ ಅದು ಲೆನ್ಸಿನ ಧೂಳು. ತಿರುಗದಿದ್ದರೆ ಉಕ್ಕಿನಲ್ಲೇ ಇದೆ. ನಾನು ತಿರುಗಿಸಿದೆ. ಪ್ರಾಣಿ ತಿರುಗಲಿಲ್ಲ. ಆದ್ದರಿಂದ ಅದು ನೀರಿನಲ್ಲೇ ಇದೆ. ಮೂರನೆಯ ಒಂದು ಜಾಗವೂ ಇದೆ ಎಂದು ನಮಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಇನ್ನೊಂದು ಸಂಗತಿಯನ್ನೂ ಕಂಡುಕೊಂಡೆ. ಬೆಳಕಿನ ಕಿಂಡಿಯನ್ನು ಕಿರಿದು ಮಾಡಿದಷ್ಟೂ, ತೊಟ್ಟಿನಲ್ಲಿ ಪಾಚಿ ಗೀಚಿ ಏನೂ ಇಲ್ಲದ ಖಾಲಿ ಜಾಗ ಹುಡುಕಿದಷ್ಟೂ ಅದು ಸ್ಪಷ್ಟವಾಗುತ್ತದೆ. ಗೆರೆ ಹಾಕಿದ ಒಂದು ನೋಟ್‌ಬುಕ್ಕಿನಲ್ಲಿ ತಾರೀಕು ಬರೆದು ದಿನದಿನವೂ ಅದರ ಚಿತ್ರ ಬಿಡಿಸಿದೆ. ಮೊದಲ ಪುಟದಲ್ಲಿ ಸರಪಳಿ ಹುಳ ಎಂದು ಹೆಸರು ಬರೆದೆ.

ಈ ಹುಳವನ್ನು ಯಾರಾದರೂ ಒಪ್ಪಬೇಕು, ಅದರಲ್ಲೂ ನನ್ನ ಭಾವಮೈದುನ ಒಪ್ಪಬೇಕು ಅನ್ನುವುದೇ ನನ್ನ ಆಸೆಯಾಗಿಬಿಟ್ಟಿತ್ತು. ಹೆಂಡತಿಯ ಮನೆಯವರು ತಲೆತಲಾಂತರದಿಂದ ಸಂಸ್ಕೃತ ಓದಿಕೊಂಡ ಮೇಷ್ಟರುಗಳು. ಅವಳ ತಮ್ಮ ಶಿವಮೊಗ್ಗದ ಒಂದು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಲೆಕ್ಚರರ್. ಅವರ ಮನೆಯಲ್ಲಿ ಯಾರೂ ನನ್ನನ್ನು ಕಡೆಗಣಿಸಿದವರಲ್ಲ, ಆದರೆ ಹಬ್ಬಕ್ಕೆ ಹೋದಾಗ ಮಾತು ಶಾಸ್ತ್ರ, ಕಾವ್ಯ ಎಂದು ಎತ್ತರಕ್ಕೇರಿದರೆ ಯಾರಾದರೊಬ್ಬರು ನನ್ನ ಕಡೆ ತಿರುಗಿ, "ಮತ್ತೆ, ಫ್ಯಾಕ್ಟ್ರಿ ಹೇಗಿದೆ?" ಎಂದು ದಯೆಯಿಂದ ಕೇಳುತ್ತಿದ್ದರು. ಆ ದಯೆ ನನಗೆ ಗಂಟಲಲ್ಲಿ ಸಿಕ್ಕಿದ ಮುಳ್ಳಿನಂತೆ ಇಪ್ಪತ್ತು ವರ್ಷ ಚುಚ್ಚಿದೆ. ಫ್ಯಾಕ್ಟರಿ ಮುಚ್ಚುವ ಮಾತು ಎದ್ದ ಮೇಲಂತೂ ಅದು ಇನ್ನೂ ಹೆಚ್ಚಾಗಿತ್ತು.

ಅಕ್ಟೋಬರ್ ಮೊದಲ ವಾರದಲ್ಲಿ ಒಂದು ದೊಡ್ಡ ಘಟನೆ ನಡೆಯಿತು. ಬೆಳಿಗ್ಗೆ ಕಣ್ಣಿಟ್ಟರೆ ಸರಪಳಿ ಹುಳದ ಸುತ್ತ ಸಣ್ಣ ಸಣ್ಣ ಕಪ್ಪು ಚುಕ್ಕೆಗಳು, ರಾಗಿ ಚೆಲ್ಲಿದ ಹಾಗೆ, ನೂರಾರು. ನೋಟ್‌ಬುಕ್ಕಿನಲ್ಲಿ ಕೆಂಪು ಇಂಕಿನಿಂದ ಬರೆದೆ: ಇಂದು ಮರಿ ಹಾಕಿದೆ. ಅದೇ ವಾರ ಕಿಟಕಿಯ ಪಕ್ಕದ ದೀಪ ಫಕ್ಕನೆ ಮಿಂಚಿದಂತಾಗುತ್ತಿತ್ತು. ವೈರು ಸಡಿಲವೆಂದು ಸ್ವಿಚ್ಚು ಬದಲಾಯಿಸಿದೆ, ಹೋಲ್ಡರ್ ಬದಲಾಯಿಸಿದೆ. ಮಿಂಚು ನಿಲ್ಲಲಿಲ್ಲ. ಮರಿಗಳನ್ನು ತೋರಿಸಲು ಇದಕ್ಕಿಂತ ಒಳ್ಳೆಯ ಸಮಯವಿಲ್ಲ ಎಂದು ಮುಂದಿನ ಭಾನುವಾರ ಮೈಕ್ರೋಸ್ಕೋಪಿಗೆ ಟರ್ಕಿ ಟವೆಲ್ ಸುತ್ತಿ ಬಸ್ಸಿನಲ್ಲಿ ಮಡಿಲ ಮೇಲಿಟ್ಟುಕೊಂಡು ಶಿವಮೊಗ್ಗಕ್ಕೆ ಹೊರಟೆ. ಹೆಂಡತಿ ಬಾಟಲಿಗಳ ಚೀಲ ಹಿಡಿದು ಪಕ್ಕದಲ್ಲಿ ಕೂತಿದ್ದಳು.

ಭಾವಮೈದುನ ತಾಳ್ಮೆಯ ಮನುಷ್ಯ. ನೋಟ್‌ಬುಕ್ ಪೂರ್ತಿ ತಿರುವಿ ನೋಡಿದ, ನನ್ನ ವಿವರಣೆ ಪೂರ್ತಿ ಕೇಳಿದ, ಆಮೇಲೆ ಕಣ್ಣಿಟ್ಟ. ಅರ್ಧ ಗಂಟೆ ಮೂರು ಬಾಟಲಿಯ ನೀರು ನೋಡಿದ. ಕೊನೆಗೆ ತಲೆಯೆತ್ತಿ, "ಭಾವ, ಒಳ್ಳೊಳ್ಳೆ ಜೀವಿಗಳಿವೆ ಇದ್ರಲ್ಲಿ. ನೀವು ಬರೆದಿರೋದು ಮಾತ್ರ ಕಾಣ್ತಿಲ್ಲ" ಅಂದ. ನಾನು ಕಣ್ಣಿಟ್ಟೆ. ಮರಿಗಳ ಸಮೇತ ಅಲ್ಲೇ ಇತ್ತು! "ಇಲ್ಲೇ ಇದೆಯಲ್ಲ ಮಾರಾಯ, ಈಗ ಎಡಗಡೆಗೆ ಹೋಯ್ತು ನೋಡು" ಅಂದೆ. ಅವನು ನೋಡಿದ. "ಇಲ್ಲ ಭಾವ" ಅಂದ. ಮತ್ತೆ ಅದೇ ದಯೆಯ ಸ್ವರ. "ಹೋಗ್ಲಿ ಬಿಡಿ, ಊಟ ಮಾಡೋಣ" ಅನ್ನುತ್ತಿದ್ದಂತೆ ನನ್ನ ತಾಳ್ಮೆ ತಪ್ಪಿತು. ಪದವಿ ಇದ್ದರೆ ಸಾಲದು, ಕಣ್ಣೂ ಇರಬೇಕು ಎಂದು ಅವನ ಹೆಂಡತಿಯ ಎದುರಿಗೇ ಹೇಳಿ, ಎಲೆ ಹಾಕಿದ್ದ ಊಟ ಬಿಟ್ಟು, ಟವೆಲ್ ಸುತ್ತಿಕೊಂಡು ಎದ್ದುಬಂದೆ. ಇವತ್ತಿಗೂ ಅದನ್ನು ನೆನೆದರೆ ಕಿವಿ ಬಿಸಿಯಾಗುತ್ತದೆ.

ಮನೆಗೆ ಬಂದು ಹೆಂಡತಿ ಉಪ್ಪಿಟ್ಟು ಕೆದಕಿ ಕೊಟ್ಟಳು. ನಾನು ತಿಂದು ಮತ್ತೆ ಮೈಕ್ರೋಸ್ಕೋಪಿಗೆ ಕೂತಾಗ ಹಿಂದೆ ಬಂದು ನಿಂತಳು.

"ನಿಮ್ಮ ಲ್ಯಾಬಲ್ಲಿ ಇಬ್ರು ನೋಡ್ದೆ ಸಹಿ ಹಾಕಲ್ಲ ಅಂತೀರಿ. ಇಲ್ಲಿ ಎರಡನೇ ಕಣ್ಣು ಯಾರು?"

ಕುರ್ಚಿ ಬಿಟ್ಟೆ. ಕೂತು ನೋಡಿದಳು. ಫೋಕಸ್ಸನ್ನು ನಾನು ಹೇಳುವ ಮೊದಲೇ ಸರಿ ಮಾಡಿಕೊಂಡಳು. "ಖಾಲಿ ಜಾಗ" ಅಂದಳು. "ಏನೂ ಇಲ್ಲ. ನೀವು ನೋಡಿ ಹೇಳಿ, ಎಲ್ಲಿದೆ?" ನಾನು ಕನ್ನಡಕ ತೆಗೆದು ಪಂಚೆಯ ಚುಂಗಿನಲ್ಲಿ ಒರೆಸಿ ಬದಿಗಿಟ್ಟು ಬಲಗಣ್ಣಿಟ್ಟೆ. "ಇದೆ ಕಣೇ. ನಡುವೆ ಇದೆ. ಈಗ ಇಳೀತಿದೆ. ಮರಿಗಳು ಬಲಗಡೆ ಗುಂಪಾಗಿವೆ. ಈಗ ಓಡ್ತು, ಓಡ್ತು."

"ರೀ, ಇಲ್ನೋಡಿ."

ತಲೆಯೆತ್ತಿದೆ. ನೀರಿನ ತೊಟ್ಟು ಇದ್ದ ಗಾಜಿನ ಪಟ್ಟಿ ಅವಳ ಬೆರಳ ನಡುವೆ ಇತ್ತು. ನಾನು ಕನ್ನಡಕ ಒರೆಸುವಾಗ ತೆಗೆದಿದ್ದಳು. ಲೆನ್ಸಿನ ಕೆಳಗೆ ಏನೂ ಇರಲಿಲ್ಲ, ಬರೀ ಬೆಳಕು.

ಮೊದಲು ಬಂದದ್ದು ಸಿಟ್ಟು. ಆಮೇಲೆ ನಾಚಿಕೆ. ಎಡಗಣ್ಣಿಟ್ಟು ನೋಡಿದೆ, ಸರಪಳಿಯಿಲ್ಲ. ಬಲಗಣ್ಣಿಟ್ಟೆ, ಇದೆ. ಕಿಟಕಿಯ ಆಚೆ ಆಗಷ್ಟೇ ಸುಣ್ಣ ಬಳಿದಿದ್ದ ಕಾಂಪೌಂಡು ಗೋಡೆಯನ್ನು ನೋಡಿದೆ. ನನ್ನ ಪ್ರಾಣಿ ಗೋಡೆಯ ಮೇಲೆ ತೇಲುತ್ತಿತ್ತು, ಮರಿಗಳೊಂದಿಗೆ. ಐದು ತಿಂಗಳ ಸಂಭ್ರಮ ಅಲ್ಲೇ ಕುಸಿಯಿತು. ಕಾಲುವೆ, ಗಾಜನೂರು, ಕುಂಸಿ, ಎಲ್ಲ ನೀರಿಗೂ ಅದನ್ನು ಬಲಗಣ್ಣೊಳಗೆ ಹೊತ್ತುಕೊಂಡು ಹೋದವನು ನಾನೇ. ಹೆಂಡತಿ ನಗುತ್ತಾಳೆ ಅಂದುಕೊಂಡೆ. ಅವಳ ಮುಖದಲ್ಲಿ ನಗುವಿರಲಿಲ್ಲ. "ಆ ದೀಪ ಮಿಂಚುತ್ತೆ ಅಂತಿದ್ರಲ್ಲ, ನನಗೆ ಒಂದ್ಸಲಾನೂ ಮಿಂಚಿದ್ದು ಕಾಣ್ಲಿಲ್ಲ" ಅಂದಳು. ಆಗ ನನಗೆ ಭಯವಾಯಿತು.

ಸೋಮವಾರ ಬೆಳಿಗ್ಗೆ ಶಿವಮೊಗ್ಗದ ಕಣ್ಣಿನ ಡಾಕ್ಟರ ಮುಂದೆ ಕೂತಿದ್ದೆ. ಕಣ್ಣಿಗೆ ಔಷಧಿ ಬಿಟ್ಟು, ಪಾಪೆ ಅಗಲವಾದ ಮೇಲೆ ಒಳಗೆ ಬೆಳಕು ಹಾಯಿಸಿ ಬಹಳ ಹೊತ್ತು ನೋಡಿದರು. ಯಾವಾಗಿನಿಂದ ಕಾಣುತ್ತಿದೆ ಎಂದು ಕೇಳಿದರು. ನಾನು ಉತ್ತರ ಕೊಡುವ ಮೊದಲೇ ಹೆಂಡತಿ ಚೀಲದಿಂದ ನೋಟ್‌ಬುಕ್ ತೆಗೆದು ಅವರ ಮೇಜಿನ ಮೇಲಿಟ್ಟಳು. ಆ ಕ್ಷಣ ನೆಲ ಬಾಯಿಬಿಟ್ಟರೆ ಒಳಗಿಳಿಯುತ್ತಿದ್ದೆ. ಡಾಕ್ಟರು ಪುಟ ಪುಟ ತಿರುವಿದರು. ಮೇ, ಜೂನ್, ಜುಲೈ. ಮಣಿಸರ, ಗಂಟು. ನನ್ನ ಚಿತ್ರಗಳನ್ನು ಅಷ್ಟು ಗಂಭೀರವಾಗಿ ಅದುವರೆಗೆ ಯಾರೂ ನೋಡಿರಲಿಲ್ಲ. ಕೆಂಪು ಇಂಕಿನ ಪುಟಕ್ಕೆ ಬಂದು ನಿಂತರು.

"ಮರಿ ಹಾಕಿದೆ ಅಂತ ಬರ್ದಿದೀರಲ್ಲ" ಅಂದರು ಮೆಲ್ಲಗೆ, "ಅವತ್ತು ನಿಮ್ಮ ಕಣ್ಣಿನ ಹಿಂದಿನ ಪರದೆ ಒಂದು ಕಡೆ ಹರಿದಿದೆ. ಆ ಚುಕ್ಕಿಗಳು ರಕ್ತದ್ದು. ಮಿಂಚಿದ್ದೂ ಅದೇ."

ಹರಿದದ್ದು ಸಣ್ಣದಾಗಿ ಹರಿದಿದೆ, ಇನ್ನೂ ಕಿತ್ತು ಬಂದಿಲ್ಲ, ಬಂದಿದ್ದರೆ ಆ ಕಣ್ಣು ಹೋಗುತ್ತಿತ್ತು ಎಂದರು. ನಾನು ಆ ಕಣ್ಣಿನಿಂದಲೇ ಅನ್ನ ತಿಂದವನು. ಅದೇ ದಿನ ಚೀಟಿ ಬರೆದುಕೊಟ್ಟರು. ಘಟ್ಟ ಇಳಿದು ಕರಾವಳಿಯ ಒಂದು ದೊಡ್ಡ ಆಸ್ಪತ್ರೆಗೆ ಹೋದೆವು. ಲೇಸರ್ ಬೆಳಕಿನಿಂದ ಹರಿದ ಜಾಗದ ಸುತ್ತ ಹೊಲಿಗೆ ಹಾಕಿದ ಹಾಗೆ ಸುಟ್ಟರು. ಪ್ರತಿ ಸಲ ಬೆಳಕು ಬಿದ್ದಾಗ ಹಸಿರು ಮಿಂಚು, ತಲೆಯೊಳಗೆ ಸೂಜಿ ಚುಚ್ಚಿದ ಹಾಗೆ ನೋವು. ನನ್ನ ಜೊತೆ ಆಸ್ಪತ್ರೆಗೆ ಬಂದು ಫಾರಂ ತುಂಬಿಸಿದವನು, ಕಾಫಿ ತಂದುಕೊಟ್ಟವನು ಭಾವಮೈದುನ. ಹೆಂಡತಿ ಫೋನು ಮಾಡಿದ ತಕ್ಷಣ ರಜೆ ಹಾಕಿ ಬಂದಿದ್ದ. ಕ್ಷಮೆ ಕೇಳಲು ಬಾಯಿ ತೆರೆದೆ. "ನಂಗೂ ಹೊಳೀಬೇಕಿತ್ತು ಭಾವ" ಎಂದು ಅವನೇ ತಲೆ ತಗ್ಗಿಸಿದ. ಆ ಸಲ ಅವನ ದಯೆ ನನಗೆ ಚುಚ್ಚಲಿಲ್ಲ.

ಬಲಗಣ್ಣು ಉಳಿಯಿತು. ಒಂದು ತಿಂಗಳು ಮೈಕ್ರೋಸ್ಕೋಪ್ ಮುಟ್ಟಬಾರದು, ಭಾರ ಎತ್ತಬಾರದು ಎಂದು ಕಟ್ಟಪ್ಪಣೆಯಾಗಿತ್ತು. ಮನೆಯಲ್ಲಿ ಕೂತು ಕೂತು ಸಿಡಿಮಿಡಿ ಅನ್ನುತ್ತಿದ್ದೆ. ಒಂದು ಭಾನುವಾರ ಬೆಳಿಗ್ಗೆ ಹೆಂಡತಿ ವರಾಂಡದ ಬಾಟಲಿಯೊಂದನ್ನು ತಂದು, ಲ್ಯಾಬಿನ ಹೊರಗಿನ ತೊಟ್ಟಿಯ ನೀರು ಅದು, ಗಾಜಿನ ಮೇಲೆ ಒಂದು ತೊಟ್ಟು ಬಿಟ್ಟು, ನನ್ನನ್ನು ಕೇಳದೆ ಕುರ್ಚಿಯಲ್ಲಿ ಕೂತಳು. ಕೈಯಲ್ಲಿ ಪೇಪರ್ ಹಿಡಿದಿದ್ದೆ, ಓದುತ್ತಿರಲಿಲ್ಲ.

"ಏನೇ ಕಾಣ್ತಿದೆ?"

"ಪಾಚಿ ಎಳೆ ಮೇಲೆ ಸಾಲಾಗಿ ಗಂಟೆ ಹೂವು ಇದ್ದಂಗಿದೆ. ಒಂದೊಂದಕ್ಕೂ ದಾರದಂಥ ಕಾಲು. ಬಾಯಿ ಸುತ್ತ ಏನೋ ಗರಗರ ತಿರುಗ್ತಿದೆ." ಹೊರಗೆ ಲಾರಿಯೊಂದು ಹಾದುಹೋಯಿತು, ಕಿಟಕಿ ಅದುರಿತು. "ಅಯ್ಯೋ! ಎಲ್ಲಾ ಒಟ್ಟಿಗೆ ಕಾಲು ಸ್ಪ್ರಿಂಗ್ ಮಾಡ್ಕೊಂಡು ಕುಪ್ಪೆ ಆಗೋದ್ವು! ಈಗ ಮತ್ತೆ ನಿಧಾನಕ್ಕೆ ಬಿಚ್ಕೊಳ್ತಿವೆ. ನೀವು ಇದನ್ನ ಬರೆದೇ ಇಲ್ವಲ್ಲ?"

ಬರೆದಿರಲಿಲ್ಲ. ನೋಡಿಯೇ ಇರಲಿಲ್ಲ. ಆ ತೊಟ್ಟಿಯ ನೀರನ್ನು ಐದು ತಿಂಗಳಲ್ಲಿ ಎಷ್ಟು ಸಲ ನೋಡಿದ್ದೇನೋ, ಪ್ರತಿ ಸಲವೂ ಪಾಚಿಯನ್ನು ಪಕ್ಕಕ್ಕೆ ಸರಿಸಿ ಖಾಲಿ ಜಾಗ ಹುಡುಕಿದ್ದೆ. ನನಗೆ ಹೊಟ್ಟೆಕಿಚ್ಚಾಯಿತು. ಅವಳಿಗೆ ಸಿಕ್ಕಿತಲ್ಲ ಎಂದು. ಮೂರನೆಯ ಸಲ ಕೇಳದೆಯೇ ಅವಳು ಇಷ್ಟು ದಿನ ಸುಮ್ಮನಿದ್ದಳಲ್ಲ ಎಂದು ನಾಚಿಕೆಯೂ ಆಯಿತು. ಎದ್ದು ಹತ್ತಿರ ಹೋದೆ. ಅವಳು ಕಣ್ಣು ತೆಗೆಯದೆ, "ಡಾಕ್ಟ್ರು ಏನಂದಿದಾರೆ?" ಎಂದು ಗದರಿದಳು. ಮೇಜಿನ ಪಕ್ಕ ಸ್ಟೂಲ್ ಎಳೆದುಕೊಂಡು ಕೂತೆ.

"ಇನ್ನೊಂದ್ಸಲ ನೋಡ್ಬೇಕು" ಅಂದಳು. "ಸ್ವಲ್ಪ ಮೇಜು ತಟ್ಟಿ. ಮೆತ್ತಗೆ."

ತಟ್ಟಿದೆ.